ಸಸಿಗಳನ್ನು ತಿರುಗಾಡಿಸಿದ ದುಂಡವ್ವ

ಹಿಂದೆ, ಅಂದರೆ ಯಾವ ಅಜ್ಜಿಯ ಅಜ್ಜಿಯೂ ಕಣ್ಣಾರೆ ಕಂಡಿರದಷ್ಟು ಹಿಂದೆ, ಗಾಳಿಹಾಳ ಎಂಬ ಒಂದು ಊರಿತ್ತು. ಊರು ಎತ್ತರದ ಮಡ್ಡಿಯ ಮೇಲೆ. ಅಡ್ಡಕ್ಕೆ ಒಂದು ಗುಡ್ಡವಿಲ್ಲ, ತಡೆಯಲು ಒಂದು ತೋಪಿಲ್ಲ. ಗಾಳಿ ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಗುವಾಗ ಆ ಊರನ್ನು ಹಾಯ್ದೇ ಹೋಗುತ್ತಿತ್ತು. ಅಲ್ಲಿನ ಗಂಡಸರು ರುಮಾಲನ್ನು ಗದ್ದಕ್ಕೆ ಕಟ್ಟಿಕೊಂಡು ಮಲಗುತ್ತಿದ್ದರಂತೆ. ಅಲ್ಲಿನ ಕೋಳಿಗಳು ಹಿಂದುಹಿಂದಕ್ಕೆ ನಡೆಯುವುದನ್ನು ಕಲಿತಿದ್ದವಂತೆ. ಕೋಳಿಯ ಮಾತನ್ನು ನಾನು ನಂಬುವುದಿಲ್ಲ. ರುಮಾಲಿನ ಮಾತನ್ನು ನಂಬುತ್ತೇನೆ. ಎಷ್ಟೋ ಸೀಮೆ ತಿರುಗಿದ್ದೇನೆ, ಗಂಡಸರು ರುಮಾಲಿನ ವಿಷಯದಲ್ಲಿ ಎಲ್ಲ ಕಡೆಯೂ ಹಾಗೇ.

ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿ ತುಂಬುತ್ತಾರಲ್ಲ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನದ ಕೊಂಬು, ಎಲೆ ಅಡಿಕೆ, ಅದರ ಜೊತೆಗೆ ತವರಿನ ಮೆಣಸಿನಕಾಯಿ ಸಸಿಗಳನ್ನೂ ಇಡುತ್ತಿದ್ದರು. ಬೇರಿಗೆ ಹಸಿಮಣ್ಣು ಮೆತ್ತಿ, ಮುತ್ತುಗದ ಎಲೆಯಲ್ಲಿ ಸುತ್ತಿ ಕೊಡುತ್ತಿದ್ದರು. ಹುಡುಗಿ ಅವನ್ನು ಅತ್ತೆಯ ಹಿತ್ತಲಲ್ಲಿ ನೆಡಬೇಕು. ಸಸಿ ಬೇರುಬಿಟ್ಟು ಚಿಗುರಿದರೆ ಅತ್ತೆ ಒಗ್ಗರಣೆಯ ಸೌಟನ್ನು ಸೊಸೆಯ ಕೈಗೆ ಕೊಡುತ್ತಾಳೆ. ಒಣಗಿದರೆ ಕೊಡುವುದಿಲ್ಲ. ಸೊಸೆ ರೊಟ್ಟಿ ಬಡಿಯಬಹುದು, ಜೋಳ ಬೀಸಬಹುದು, ನೀರು ಹೊರಬಹುದು, ಕೊಟ್ಟಿಗೆ ಬಳಿಯಬಹುದು, ಅದಕ್ಕೆಲ್ಲ ಯಾರ ತಕರಾರೂ ಇರಲಿಲ್ಲ. ಒಗ್ಗರಣೆ ಮಾತ್ರ ಹಾಕುವ ಹಾಗಿಲ್ಲ. ಬೇಳೆ ಕುದಿಸಿದವಳು ಸೊಸೆ, ಅದರ ಮೇಲೆ ಸಾಸಿವೆ ಸಿಡಿಸಿ ಹೆಸರು ಹೊಡೆಯುವವಳು ಅತ್ತೆ. ‘ಕೈಗುಣ ಇಲ್ಲದಾಕಿ’ ಎಂಬ ಬಿರುದು ಸೊಸೆಗೆ, ಸಾಯುವವರೆಗೆ.

ಗಾಳಿಹಾಳದ ಹೆಣ್ಣುಮಕ್ಕಳಿಗೆ ಈ ಬಿರುದು ತಪ್ಪುತ್ತಲೇ ಇರಲಿಲ್ಲ. ಮದುವೆಗಳು ಬೇಸಿಗೆಯಲ್ಲಿ. ಬೇಸಿಗೆಗೆ ಸಸಿ ಬೇಕೆಂದರೆ ಬೀಜವನ್ನು ಚಳಿಯಲ್ಲಿ ಹಾಕಬೇಕು. ಚಳಿಯಲ್ಲಿ ಆ ಊರಿನ ಗಾಳಿ ಮಣ್ಣಿನೊಳಗೂ ಕೈ ಹಾಕುತ್ತಿತ್ತು. ಬೀಜ ಮುನಿಸಿಕೊಂಡು ಒಳಗೇ ಕೂರುತ್ತಿತ್ತು. ಎದ್ದವು ಕೂಡ ಜ್ವರ ಬಂದು ಬಿಟ್ಟವರ ಹಾಗೆ ಕಾಣುತ್ತಿದ್ದವು. ಅವನ್ನೇ ಉಡಿಯಲ್ಲಿ ಕಟ್ಟಿ ಕಳಿಸುತ್ತಿದ್ದರು, ದೇವರ ಮೇಲೆ ಭಾರ ಹಾಕಿ. ದೇವರಿಗೆ ಬೇರೆ ಕೆಲಸ ಇರುತ್ತಿತ್ತು.

ಇಂಥ ಊರಿನಲ್ಲಿ ದುಂಡವ್ವ ಇದ್ದಳು ಎಂದು ಹೇಳುತ್ತಾರೆ. ಕೌದಿ ಹೊಲಿಯುವವಳು. ಹಳೆ ಸೀರೆ, ಹಳೆ ಧೋತರ, ಹರಿದ ಕುಪ್ಪಸ, ಎಲ್ಲದರ ಚೂರುಗಳನ್ನು ಜೋಡಿಸಿ ಹೊದಿಕೆ ಮಾಡುವುದು ಅವಳ ಕಸುಬು. ಅವಳ ಕೌದಿ ಹೊದ್ದವರಿಗೆ ಕೆಟ್ಟ ಕನಸು ಬೀಳುತ್ತಿರಲಿಲ್ಲವಂತೆ. ಅವಳ ತವರು ಮೇಲಿನ ಓಣಿ, ಗಂಡನ ಮನೆ ಕೆಳಗಿನ ಓಣಿ. ಇಲ್ಲಿ ಕೆಮ್ಮಿದರೆ ಅಲ್ಲಿ ಕೇಳಿಸುವಷ್ಟು ಹತ್ತಿರ. ಅಷ್ಟು ಹತ್ತಿರಕ್ಕೆ ಒಯ್ದರೂ ಅವಳ ಸಸಿಗಳು ಒಣಗಿದವು. ಅತ್ತೆ ಸೌಟು ಕೊಡಲಿಲ್ಲ. ಅತ್ತೆ ಹೋದಳು, ಗಂಡನೂ ಹೋದ, ಸೌಟು ಗೂಟಕ್ಕೆ ನೇತಾಡುತ್ತ ಉಳಿಯಿತು. ಈಗ ತೆಗೆದುಕೊಂಡರೆ ಕೇಳುವವರು ಯಾರು? ಆದರೆ ದುಂಡವ್ವ ಮುಟ್ಟಲಿಲ್ಲ. ಕೊಟ್ಟರೆ ತೆಗೆದುಕೊಳ್ಳುವ ವಸ್ತು ಅದು, ಕದಿಯುವ ವಸ್ತುವಲ್ಲ ಎಂದಳಂತೆ. ಬೇಳೆಯನ್ನು ಬರೀ ಉಪ್ಪು ಹಾಕಿ ಕುದಿಸಿ ಉಂಡಳು, ಮಗಳಿಗೂ ಅದನ್ನೇ ಉಣಿಸಿದಳು. ಅತ್ತೆ ಹೋದ ಮೇಲೆ ಆ ಮನೆಯಿಂದ ಸಾಸಿವೆ ಸಿಡಿದ ಸದ್ದನ್ನು ಓಣಿಯವರು ಕೇಳಲೇ ಇಲ್ಲ. ಹಟ ಅಂದರೆ ಅದು.

ಮಗಳ ಹೆಸರು ಸಾವಂತ್ರಿ. ಬಹಳ ತಡವಾಗಿ ಹುಟ್ಟಿದವಳು, ಒಬ್ಬಳೇ. ಅವಳನ್ನು ದುಂಡವ್ವ ಹೇಗೆ ಸಾಕಿದಳೆಂದರೆ, ಗಾಳಿ ತಾಗೀತು ಎಂದು ಹೊಸ್ತಿಲು ದಾಟಿಸಲಿಲ್ಲ, ಬಿಸಿಲು ತಾಗೀತು ಎಂದು ಅಂಗಳಕ್ಕೆ ಬಿಡಲಿಲ್ಲ. ಹುಡುಗಿ ನಡುಮನೆಯ ಮೂಲೆಯಲ್ಲಿ ಸೂಜಿಗೆ ದಾರ ಪೋಣಿಸುತ್ತ ಉದ್ದವಾದಳು, ಬೆಳ್ಳಗಾದಳು, ತೆಳ್ಳಗಾದಳು. ಈ ಹುಡುಗಿಗೂ ನನ್ನ ಗತಿ ಬರಬಾರದು, ಇವಳ ಕೈಗೆ ಸೌಟು ಬರಲೇಬೇಕು, ದುಂಡವ್ವನಿಗೆ ಇದೊಂದೇ ಚಿಂತೆ.

ಆಗ ಒಂದು ವರ್ಷ ಆನೆಕಲ್ಲಿನ ಮಳೆ ಬಿತ್ತು. ಊರ ದೇಸಾಯರ ವಾಡೆಯ ಕಿಟಕಿಗಳಿಗೆಲ್ಲ ಬಣ್ಣದ ಗಾಜುಗಳಿದ್ದವು, ಕೆಂಪು, ಹಸಿರು, ನೇರಳೆ, ಜೇನಿನ ಬಣ್ಣ. ಆನೆಕಲ್ಲಿಗೆ ಎಲ್ಲ ಚೂರಾದವು. ದೇಸಾಯರು ಕಿಟಕಿಗೆ ಹಲಗೆ ಬಡಿಸಿ ಚೂರುಗಳನ್ನು ತಿಪ್ಪೆಗೆ ಹಾಕಿಸಿದರು. ದುಂಡವ್ವ ಬುಟ್ಟಿ ಹಿಡಿದು ವಾಡೆಗೆ ಹೋಗಿ ಚೂರುಗಳನ್ನು ಕೇಳಿದಳು.

“ಗಾಜು ತಗೊಂಡು ಏನ್ ಮಾಡ್ತೀಯವಾ?” ಎಂದರು ದೇಸಾಯರು.

“ಕೌದಿ ಹೊಲಿತೀನ್ರಿ” ಎಂದಳು ದುಂಡವ್ವ.

ದೇಸಾಯರು ಅವಳ ಮುಖವನ್ನೇ ನೋಡಿ, ಒಯ್ಯಿ, ಹೊದಕೊಂಡು ಮಾತ್ರ ಮಲಗಬ್ಯಾಡ ಎಂದರಂತೆ.

ಅವಳು ನಿಜಕ್ಕೂ ಗಾಜಿನ ಕೌದಿ ಹೊಲಿದಳು. ಮನೆಯ ದಕ್ಷಿಣದ ಗೋಡೆಗೆ, ಚಳಿಗಾಲದ ಬಿಸಿಲು ಇಡೀ ದಿನ ಬೀಳುವ ಕಡೆ, ಬಿದಿರ ಗಳುಗಳನ್ನು ಓರೆಯಾಗಿ ಆನಿಸಿದಳು. ಸುಣ್ಣ, ಬೆಲ್ಲ, ಬಿಲ್ವದಕಾಯಿಯ ಅಂಟು ಅರೆದು, ಅದರಲ್ಲಿ ಚೂರಿಗೆ ಚೂರು ಸೇರಿಸಿ ಮೇಲಿಂದ ಕೆಳಗಿನವರೆಗೆ ಹೊದಿಸಿದಳು. ಒಳಗೆ ಹೋದರೆ ಚಳಿಗಾಲದಲ್ಲೂ ಎಮ್ಮೆಯ ಮಗ್ಗುಲಲ್ಲಿ ಕೂತ ಹಾಗೆ ಬೆಚ್ಚಗೆ. ಕೆಂಪು ಗಾಜಿನ ಕೆಳಗೆ ಬೆಳೆದ ಸಸಿಯ ಮೆಣಸಿನಕಾಯಿ ಅಷ್ಟು ಕೆಂಪಾಗುತ್ತಿತ್ತಂತೆ, ನೇರಳೆ ಗಾಜಿನ ಕೆಳಗೆ ಬೆಳೆದ ಸಸಿ ಬದನೆ ಬಿಡುತ್ತಿತ್ತಂತೆ. ಇರಲಿ. ಜನ ಹೇಳುತ್ತಾರೆ, ನಾವು ಕೇಳೋಣ.

ಆ ಸಸಿಮನೆಯಲ್ಲಿ ದುಂಡವ್ವ ಬೀಜಗಳನ್ನು ಸಾಕಿದ ರೀತಿಯನ್ನು ಬಾಣಂತನ ಎನ್ನಬೇಕು. ಹೊಲದ ಮಣ್ಣು, ಹಳ್ಳದ ಮರಳು, ಹಳೆಯ ಗೊಬ್ಬರ, ಮೂರನ್ನೂ ಜರಡಿ ಹಿಡಿದು ಬಿಸಿಲಲ್ಲಿ ಕಾಯಿಸಿದಳು. ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಲೆಯ ಪಕ್ಕ ಬೆಚ್ಚಗಿಟ್ಟು, ಮೂತಿ ಬಿರಿದ ಮೇಲೆ ಬುಟ್ಟಿಗಳಲ್ಲಿ ಬಿತ್ತಿದಳು. ಬೆಳಿಗ್ಗೆ ಮಾತ್ರ ನೀರು, ಅದೂ ಬುಡಕ್ಕೆ. ಬಿಸಿಲು ಏರಿದರೆ ಗಾಜಿನ ಮೇಲೆ ತೆಳ್ಳನೆ ಸೀರೆ. ಬಾಗಿಲು ಮಾತ್ರ ಯಾವಾಗಲೂ ಮುಚ್ಚಿದ್ದೇ. ಗಾಳಿ ಅನ್ನುವುದು ಆ ಸಸಿಗಳಿಗೆ ಗೊತ್ತೇ ಇರಲಿಲ್ಲ.

ಸಸಿಗಳು ಎದ್ದವು. ಅಂಥ ಸಸಿಗಳನ್ನು ಗಾಳಿಹಾಳ ನೋಡಿರಲಿಲ್ಲ. ಗೇಣುದ್ದ, ಎಳೆ ಹಸಿರು, ಮುಟ್ಟಿದರೆ ಬೆಣ್ಣೆ. ಊರಿನ ಹೆಂಗಸರು ಸಾಲುಗಟ್ಟಿ ಬಂದು ನೋಡಿದರು, ದೃಷ್ಟಿ ತಾಗೀತೆಂದು ನೆಟಿಕೆ ಮುರಿದರು. ಎಲ್ಲ ಬುಟ್ಟಿಗಳನ್ನೂ ಒಳಗೆ ಜೋಡಿಸಿದ ಮೇಲೆ ಒಂದು ಸಣ್ಣ ಬುಟ್ಟಿಗೆ ಜಾಗ ಸಾಲದೆ, ಅದನ್ನು ದುಂಡವ್ವ ಸಸಿಮನೆಯ ಬಾಗಿಲ ಹೊರಗೆ ಗೋಡೆಯ ಮರೆಗೆ ಇಟ್ಟಿದ್ದಳು. ಬಂದವರ ಸೀರೆ ಅದಕ್ಕೆ ಬಡಿಯುತ್ತಿತ್ತು, ಹೋದವರ ಸೆರಗು ಬಡಿಯುತ್ತಿತ್ತು, ಮೂಲೆ ತಿರುಗಿ ಬಂದ ಗಾಳಿ ಆಗಾಗ ಕಪಾಳಕ್ಕೆ ಹೊಡೆಯುತ್ತಿತ್ತು. ಅದರ ಸಸಿಗಳು ಕುಳ್ಳಗೆ, ಕರಿಹಸಿರಾಗಿ, ಗಂಟುಮೋರೆ ಹಾಕಿಕೊಂಡಿದ್ದವು. ಅವಕ್ಕೆ ‘ಕುಳ್ಳಿಯರು’ ಎಂದು ಹೆಸರಿಟ್ಟು ನಗುತ್ತಿದ್ದರು.

ಆ ಬೇಸಿಗೆಯ ಮೊದಲ ಮದುವೆ ಬಡಿಗೇರ ಮನೆಯ ಕಾಶವ್ವನದು. ಉಡಿಗೆ ದುಂಡವ್ವನ ಸಸಿಗಳು. ಚೆಂದದವನ್ನೇ ಆರಿಸಿ, ಅತಿ ಉದ್ದದವನ್ನೇ ಕಟ್ಟಿ, ಇನ್ನು ನಮ್ಮ ಊರಿನ ಮಾನ ಉಳಿಯಿತು ಎಂದು ಎಲ್ಲರೂ ಕಾಶವ್ವನನ್ನು ಬಂಡಿ ಹತ್ತಿಸಿದರು.

ಸಸಿಗಳು ಅತ್ತೆಯ ಹಿತ್ತಲನ್ನು ನೋಡಿದವು, ಬಿಸಿಲನ್ನು ನೋಡಿದವು, ಮಲಗಿಬಿಟ್ಟವು. ಏಳಲಿಲ್ಲ. ಕಾಶವ್ವನ ಅತ್ತೆ ಹೇಳಿ ಕಳಿಸಿದ ಮಾತು ಗಾಳಿಯ ಜೊತೆಗೇ ಊರಿಗೆ ಬಂತು: ನಿಮ್ಮೂರ ಸಸಿ ನೋಡ್ಲಿಕ್ಕೆ ಭಾಳ ಚೆಂದ ಅದಾವ, ಮುಂದಿನ ಸಲ ಕಳಿಸುವಾಗ ಹಾಸಿಗಿನೂ ಕಳಸ್ರಿ.

ದುಂಡವ್ವ ಸೂಜಿ ಕೆಳಗಿಟ್ಟಳು. ಊಟ ಬಿಟ್ಟಳು. ಕಾಶವ್ವನ ಮುಖ ನೆನಪಾದಾಗಲೆಲ್ಲ ತನ್ನದೇ ಹಳೆಯ ಮುಖ ನೆನಪಾಗುತ್ತಿತ್ತು. ಅದರ ಮೇಲೆ ಇನ್ನೊಂದು. ಸಾವಂತ್ರಿಯ ಮದುವೆ ಆಗಲೇ ನಿಶ್ಚಯವಾಗಿತ್ತು, ಹೊಳೆಯಾಚೆಯ ಕರೇಮಡ್ಡಿಯ ಬರಮುವಿನ ಜೊತೆಗೆ. ಬರಮು ಕೌದಿ ಕೊಳ್ಳಲು ಬಂದವನು, ಗಾಳಿ ತಾಗದ ಜಾಗವೆಂದು ತಾಯಿ ಒಳಗೆ ಬಿಟ್ಟಿದ್ದ ಸಾವಂತ್ರಿಯನ್ನು ಸಸಿಮನೆಯ ಗಾಜಿನಲ್ಲಿ ನೋಡಿದ್ದನಂತೆ. ಹಸಿರು ಚೂರಿನಲ್ಲಿ ಹಸಿರಾಗಿ ಕಂಡಳು, ನೇರಳೆ ಚೂರಿನಲ್ಲಿ ನೇರಳೆಯಾಗಿ ಕಂಡಳು, ಕೊನೆಗೆ ಬಾಗಿಲಿಂದ ಇಣುಕಿದಾಗ ಯಾವ ಬಣ್ಣವೂ ಇಲ್ಲದೆ ಕಂಡಳು. ಇದೇ ಇರಲಿ ಎಂದುಕೊಂಡನಂತೆ. ಹುಡುಗ ಒಳ್ಳೆಯವನು. ಅವನ ತಾಯಿ ಬಾಳವ್ವ ಮಾತ್ರ ಆ ಸೀಮೆಗೆಲ್ಲ ಹೆಸರಾದವಳು. ಇಬ್ಬರು ಸೊಸೆಯರು ಮೊದಲೇ ಇದ್ದರು, ಇಬ್ಬರ ಸಸಿಗಳೂ ಒಣಗಿದ್ದವು. ಬಾಳವ್ವ ಸೌಟನ್ನು ಗೂಟಕ್ಕೆ ಹಾಕುತ್ತಿರಲಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಮಲಗುವಾಗಲೂ ತೆಗೆಯುತ್ತಿರಲಿಲ್ಲ ಎಂದು ಹೇಳುವವರಿದ್ದಾರೆ.

ಆ ದುಃಖದಲ್ಲಿ ದುಂಡವ್ವ ಸಸಿಮನೆಯ ಕಡೆ ತಿರುಗಿಯೂ ನೋಡಲಿಲ್ಲ. ಗಾಳಿಗೆ ಬಾಗಿಲು ಕಿತ್ತು ತೆರೆದುಕೊಂಡಿತು. ಒಳಗೆ ಉಳಿದಿದ್ದ ಚೆಂದದ ಸಸಿಗಳೆಲ್ಲ ಒಂದೇ ಹೊಡೆತಕ್ಕೆ ಸೊಂಟ ಮುರಿದುಕೊಂಡವು. ಕಸ ಬಳಿಯೋಣವೆಂದು ತಾಯಿ ಮಗಳು ಹೋದಾಗ ಬಾಗಿಲ ಹೊರಗೆ ಕುಳ್ಳಿಯರು ನೆಟ್ಟಗೆ ನಿಂತಿದ್ದರು. ನೀರಿಲ್ಲ, ಆರೈಕೆಯಿಲ್ಲ, ಗಾಳಿಗೆ ತಲೆ ಆಡಿಸಿಕೊಂಡು ನಿಂತಿದ್ದರು, ಸಂತೆಗೆ ಹೊರಟ ಹೆಂಗಸರ ಹಾಗೆ.

ದುಂಡವ್ವ ಕುಕ್ಕರುಗಾಲಲ್ಲಿ ಕೂತು ಒಂದರ ಕಾಂಡವನ್ನು ಮುಟ್ಟಿ ನೋಡಿದಳು. ಗಟ್ಟಿ. ಇನ್ನೊಂದನ್ನು ಮುಟ್ಟಿದಳು. ಅದೂ ಗಟ್ಟಿ.

“ಇವನ್ನ ಯಾರೂ ಸಾಕಲೇ ಇಲ್ಲಲ್ಲ” ಎಂದಳು.

ಹಿಂದೆ ನಿಂತಿದ್ದ ಸಾವಂತ್ರಿ, ಆವರೆಗೆ ಅವ್ವನಿಗೆ ಎದುರು ಮಾತಾಡದವಳು, ಮೆಲ್ಲಗೆ ಅಂದಳಂತೆ: “ಬಾಕಲದಾಗ ಇದ್ದದ್ದು ಉಳೀತು ನೋಡು ಯವ್ವಾ. ನಾ ಯಾವ ಮೂಲ್ಯಾಗ ಕುಂತೀನಿ, ಅದನ್ನೂ ಒಂದೀಟು ನೋಡು.”

ದುಂಡವ್ವ ಮಗಳನ್ನು ನೋಡಿದಳು. ಉದ್ದಕ್ಕೆ, ಬೆಳ್ಳಗೆ, ತೆಳ್ಳಗೆ. ಆಮೇಲೆ ಎದ್ದು ಒಳಗೆ ಹೋಗಿ ಮಗಳಿಗೆ ಚಪ್ಪಲಿ ಹುಡುಕಿದಳು. ಮನೆಯಲ್ಲಿ ಸಾವಂತ್ರಿಯ ಚಪ್ಪಲಿ ಇರಲಿಲ್ಲ. ಬೇಕಾಗಿಯೇ ಇರಲಿಲ್ಲವಲ್ಲ.

ಬರಮುವಿನ ಮನೆಗೆ ಹೇಳಿ ಕಳಿಸಿ ಮದುವೆಯನ್ನು ಮುಂದಿನ ಬೇಸಿಗೆಗೆ ದೂಡಿದರು. ಚಳಿ ಬಂದಾಗ ದುಂಡವ್ವ ಮತ್ತೆ ಬೀಜ ಬಿತ್ತಿದಳು. ಈ ಸಲ ಒಂದಕ್ಕೊಂದು ಒತ್ತಿಕೊಂಡವನ್ನು ಮನಸ್ಸು ಗಟ್ಟಿ ಮಾಡಿ ಕಿತ್ತಳು. ಸಸಿಮನೆಯ ಬಾಗಿಲನ್ನು ಹಗಲೆಲ್ಲ ಓರೆ ಮಾಡಿ ಇಟ್ಟಳು. ಎಲೆಯ ಮೇಲಿನ ಪಸೆ ಆರಿದ ಮೇಲೆ, ಬೆಳಿಗ್ಗೆಯೂ ಸಂಜೆಯೂ ಸೆರಗಿನ ಅಂಚನ್ನು ಹಿಡಿದು ಸಸಿಗಳ ತಲೆಯ ಮೇಲೆ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಆಡಿಸಿದಳು. ಮೊದಲು ಮೆತ್ತಗೆ, ಆಮೇಲೆ ಸ್ವಲ್ಪ ಜೋರಾಗಿ. ನೋಡಿದವರು, ದುಂಡವ್ವ ಸಸಿಗೆ ಗಾಳಿ ಹಾಕ್ತಾಳ, ಇನ್ನ ತೊಟ್ಟಿಲ ಕಟ್ಟೂದೊಂದ ಬಾಕಿ ಎಂದು ನಕ್ಕರು.

ಚಳಿ ಹಿಂದಾಗುತ್ತಲೇ ಬುಟ್ಟಿಗಳನ್ನು ಅಂಗಳಕ್ಕೆ ತಂದಳು. ಮೊದಲು ಎಳೆಬಿಸಿಲಿಗೆ, ತಿರುಗಿ ಒಳಗೆ. ಆಮೇಲೆ ಊಟದ ಹೊತ್ತಿನವರೆಗೆ, ತಿರುಗಿ ಒಳಗೆ. ಹೊಸ ಮದುವಣಗಿತ್ತಿಯನ್ನು ಗಂಡನ ಮನೆಗೂ ತವರಿಗೂ ಕಳಿಸಿ ಕರೆಸಿ ರೂಢಿ ಮಾಡಿಸುವುದಿಲ್ಲವೇ, ಹಾಗೆ. ಅಂಗಳ ರೂಢಿಯಾದ ಮೇಲೆ ಒಂದು ಬುಟ್ಟಿ ತಾನು ತಲೆಯ ಮೇಲಿಟ್ಟುಕೊಂಡಳು, ಒಂದನ್ನು ಸಾವಂತ್ರಿಯ ತಲೆಯ ಮೇಲಿಟ್ಟಳು, ಹೊಸ ಚಪ್ಪಲಿ ಮೆಟ್ಟಿಸಿ ಹೊರಟಳು.

ಎಲ್ಲಿಗೆ? ಎಲ್ಲಿಗಾದರೂ. ಬಾವಿಕಟ್ಟೆಗೆ, ಕುಂಬಾರರ ಓಣಿಗೆ, ಪಕ್ಕದೂರಿನ ಸಂತೆಗೆ, ಅದರ ಪಕ್ಕದೂರಿನ ಸಂತೆಗೆ. ಕೌದಿ ಮಾರುವುದೊಂದು ನೆಪ. ಸಂತೆಯಲ್ಲಿ, ಸಸಿ ಮಾರ್ತೀಯೇನು ಎಂದು ಯಾರೋ ಕೇಳಿದರೆ, ಇಲ್ಲ, ಊರು ತೋರಿಸಲಿಕ್ಕೆ ತಂದೀನಿ ಎನ್ನುತ್ತಿದ್ದಳಂತೆ. ಸಸಿಗಳಿಗೆ ದೊಡ್ಡಾಟ ತೋರಿಸಿದಳು ಎನ್ನುತ್ತಾರೆ. ಹೊಳೆಯಲ್ಲಿ ಹರಿಗೋಲು ಹತ್ತಿಸಿದಳು ಎನ್ನುತ್ತಾರೆ. ಕುಸ್ತಿಯ ಕಣಕ್ಕೂ ಒಯ್ದಿದ್ದಳು, ಗೆದ್ದ ಪೈಲ್ವಾನ ಸಸಿಗಳಿಗೆ ತೊಡೆ ತಟ್ಟಿ ತೋರಿಸಿದ್ದ ಎನ್ನುತ್ತಾರೆ. ಇಷ್ಟು ನಿಜ: ಬಿಸಿಲು ಸಸಿಗಳಿಗೂ ಹತ್ತಿತು, ಹುಡುಗಿಗೂ ಹತ್ತಿತು. ಸಾವಂತ್ರಿ ಕಪ್ಪಾದಳು, ಕಾಲು ಗಟ್ಟಿಯಾಯಿತು, ಚೌಕಾಸಿ ಮಾಡಲು ಕಲಿತಳು, ಹರಿಗೋಲಿನವನ ಜೊತೆ ಜಗಳವಾಡಿ ಗೆದ್ದಳು. ಊರಿನ ಹಿರಿಯರು ಗೊಣಗಿದರು. ದುಂಡವ್ವನ ಕಿವಿಯಲ್ಲಿ ಗಾಳಿ ತುಂಬಿತ್ತು, ಕೇಳಿಸಲಿಲ್ಲ.

ಮದುವೆಯಾಯಿತು. ಕರೇಮಡ್ಡಿಗೆ ಬಂದಿಳಿದ ಸಾವಂತ್ರಿಯನ್ನು ಬಾಳವ್ವ ಮೇಲಿಂದ ಕೆಳಗೆ ನೋಡಿದಳು, ಉಡಿಯ ಸಸಿಗಳನ್ನು ಮೇಲಿಂದ ಕೆಳಗೆ ನೋಡಿದಳು. ನೋಡುವುದಕ್ಕೆ ಹೆಚ್ಚೇನೂ ಇರಲಿಲ್ಲ, ಸಸಿಗಳು ಕುಳ್ಳಗಿದ್ದವು.

“ಇವೇನ ಸೊಟ್ಟಮಾರಿಯವ ತಂದೀಯಲ್ಲವಾ?” ಎಂದಳು.

“ಮಾರಿ ನೋಡಬ್ಯಾಡ್ರಿ ಅತ್ತಿ, ಕಾಲು ನೋಡ್ರಿ” ಎಂದಳು ಸಾವಂತ್ರಿ.

ಸಂಜೆ ನೆಡುವುದು ಎಲ್ಲರ ರೂಢಿ. ಬಾಳವ್ವ ನಡುಮಧ್ಯಾಹ್ನ ನೆಡಿಸಿದಳು. ನೆರಳಿನ ಮೂಲೆ ಖಾಲಿ ಇತ್ತು. ಬಾಳವ್ವ ಬೂದಿಗುಂಡಿಯ ಪಕ್ಕ, ಬಿಸಿಲೂ ಗಾಳಿಯೂ ಸಮನಾಗಿ ಬಡಿಯುವ ಜಾಗ ತೋರಿಸಿದಳು. ಸಾವಂತ್ರಿ ಸೆರಗು ಸಿಕ್ಕಿಸಿಕೊಂಡಳು. ಕುಣಿ ತೋಡಿ, ನೀರು ತುಂಬಿಸಿ, ನೀರು ಇಂಗಿದ ಮೇಲೆ ಸಸಿ ಇಟ್ಟು, ಬುಡಕ್ಕೆ ಮಣ್ಣು ಒತ್ತಿದಳು. ಓಣಿಯ ಹೆಂಗಸರೆಲ್ಲ ಹಿತ್ತಲ ಗೋಡೆಗೆ ಆತು ನಿಂತಿದ್ದರು. ಅಂಥ ಹೊತ್ತಿನಲ್ಲಿ ಯಾರಿಗೂ ಮನೆಕೆಲಸ ಇರುವುದಿಲ್ಲ.

ನೋಡನೋಡುತ್ತ ಎಲೆಗಳು ಜೋತುಬಿದ್ದವು.

ಹಿರಿಯ ಸೊಸೆಯರಿಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡರು, ಅವರಿಗೆ ತಮ್ಮ ತಮ್ಮ ಸಸಿಗಳು ನೆನಪಾದವು. ಬಾಳವ್ವನ ಕೈ ಸೊಂಟದ ಸೌಟಿನ ಮೇಲೆ ಹೋಯಿತು. ಸಾವಂತ್ರಿ ಬಗ್ಗಿ ಒಂದು ಎಲೆಯನ್ನು ಎತ್ತಿ ನೋಡಿದಳು, ಕಾಂಡವನ್ನು ಬೆರಳಲ್ಲಿ ಮುಟ್ಟಿದಳು. ಕಾಂಡ ನೆಟ್ಟಗೇ ಇತ್ತು. ಸಂತೆಯಿಂದ ಬಂದ ದಿನ ತನ್ನ ಕಾಲು ಹೇಗಿರುತ್ತಿತ್ತು ಎಂಬುದು ಅವಳಿಗೆ ಗೊತ್ತಿತ್ತು.

“ಸತ್ತಿಲ್ಲರಿ ಅತ್ತಿ, ದಣದಾವ. ದೂರದಿಂದ ಬಂದಾವ. ನನಗೂ ಹಸಿವ್ಯಾಗೇತಿ.”

ಕೈ ತೊಳೆದು ಒಳಗೆ ಹೋಗಿ ಕೂತಳು. ಬಾಳವ್ವನ ಒಗ್ಗರಣೆಯ ಬೇಳೆಯನ್ನು ಎರಡನೆಯ ಸಲ ಹಾಕಿಸಿಕೊಂಡು ಉಂಡಳು. ಹುಟ್ಟಿದಾಗಿನಿಂದ ಸಪ್ಪೆ ಉಂಡವಳು, ರುಚಿಯಾಗಿಯೇ ಇದ್ದಿರಬೇಕು. ಉಂಡು ಮಲಗಿ ನಿದ್ದೆಯನ್ನೂ ಮಾಡಿದಳು. ಹೊರಗಿನ ಹೆಂಗಸರು ಮಾತ್ರ ಗೋಡೆ ಬಿಡಲಿಲ್ಲ.

ಬಿಸಿಲು ಇಳಿಯಿತು. ಮೊದಲು ಒಂದು ಸಸಿ ಎಲೆ ಎತ್ತಿತು, ಮಧ್ಯಾಹ್ನದ ನಿದ್ದೆ ಮುಗಿಸಿದವರು ಮೊಣಕೈ ಊರಿ ಏಳುವ ಹಾಗೆ. ಆಮೇಲೆ ಅದರ ಪಕ್ಕದ್ದು. ಸಂಜೆಯ ಗಾಳಿ ಬೀಸುವ ಹೊತ್ತಿಗೆ ಎಲ್ಲವೂ ಎದ್ದು ನಿಂತು ತಲೆ ಆಡಿಸುತ್ತಿದ್ದವು. ಗೋಡೆಯ ಮೇಲಿಂದ ಯಾರೋ, “ಬಾಳವ್ವಾ, ಸೊಂಟ ಹಗುರ ಮಾಡ್ಕೊಳ್ಳವಾ” ಎಂದರು.

ಬಾಳವ್ವ ಅಷ್ಟು ಬೇಗ ಸೋಲುವವಳಲ್ಲ. ಚಿಗುರು ಬರಲಿ ಎಂದಳು. ಚಿಗುರು ಬಂತು. ಹೂ ಬರಲಿ ಎಂದಳು. ಹೂ ಬಂತು. ಕಾಯಿ ಬರಲಿ ಎನ್ನಲು ಬಾಯಿ ತೆರೆದವಳು ಸಸಿಗಳ ಮುಂದೆ ಕೂತುಬಿಟ್ಟಳು. ತನ್ನವೂ ಒಣಗಿದ್ದವು ಎಂದಳು. ತನಗೂ ಯಾರೂ ಸೌಟು ಕೊಟ್ಟಿರಲಿಲ್ಲ, ಅತ್ತೆ ಸತ್ತ ದಿನ ಒಲೆಯ ಮೇಲಿಂದ ಎತ್ತಿಕೊಂಡದ್ದು, ಯಾರಾದರೂ ಕಸಿದುಕೊಂಡಾರು ಎಂದೇ ಸೊಂಟದಿಂದ ತೆಗೆಯಲಿಲ್ಲ ಎಂದಳು. ಹೇಳಿ, ಸೌಟು ತೆಗೆದು ಕೊಟ್ಟಳು. ಕೊಟ್ಟ ಮೇಲೆ ಸೊಂಟ ನೆಟ್ಟಗಾಯಿತಂತೆ, ಆವರೆಗೆ ಒಂದು ಕಡೆ ವಾಲಿ ನಡೆಯುತ್ತಿದ್ದಳಂತೆ.

ಸೌಟು ಕೈಗೆ ಬಂದರೂ ಸಾವಂತ್ರಿ ಅದನ್ನು ಒಲೆಗೆ ಇಡಲಿಲ್ಲ. ಗಾಳಿಹಾಳಕ್ಕೆ ಹೇಳಿ ಕಳಿಸಿದಳು. ದುಂಡವ್ವ ಬಂದಳು, ತಲೆಯ ಮೇಲೆ ಬುಟ್ಟಿ ಹೊತ್ತು ನಡೆದೇ ಬಂದಳು. ಮಗಳು ಅವಳನ್ನು ಒಲೆಯ ಮುಂದೆ ಕೂರಿಸಿ, ಎಲ್ಲರ ಎದುರು ಸೌಟನ್ನು ಅವಳ ಕೈಗೆ ಕೊಟ್ಟಳು. “ಕೊಡ್ಲಿಕ್ಕತ್ತೀನಿ, ತಗೋ ಯವ್ವಾ. ಇದೇನು ಕದ್ದದ್ದಲ್ಲ.”

ದುಂಡವ್ವ ಎಣ್ಣೆ ಕಾಯಿಸಿದಳು. ಸಾಸಿವೆ ಹಾಕಿದಳು. ಅದು ಸಿಡಿಯಿತು. ಆ ಸದ್ದನ್ನು ಕೇಳುತ್ತ ಅವಳು ಮೈಮರೆತಳು ಎನ್ನುತ್ತಾರೆ, ಯಾವಾಗ ತೆಗೆಯಬೇಕೆಂಬುದು ಅವಳಿಗೆ ಹೇಗೆ ಗೊತ್ತಿರಬೇಕು, ಯಾವತ್ತು ಹಾಕಿದ್ದಳು? ಒಗ್ಗರಣೆ ಕರ್‍ರಗೆ ಹೊತ್ತಿತು. ಮನೆಯೆಲ್ಲ ಹೊಗೆ, ಎಲ್ಲರಿಗೂ ಕೆಮ್ಮು. ಕಣ್ಣಲ್ಲಿ ನೀರು ಬಂದದ್ದು ಹೊಗೆಗೆ ಎಂದು ದುಂಡವ್ವ ಹೇಳಿದಳು, ಯಾರೂ ಅಲ್ಲಗಳೆಯಲಿಲ್ಲ. ಬಾಳವ್ವನೇ ಮೊದಲು ಬಡಿಸಿಕೊಂಡು ಉಂಡಳು. ಚಲೋ ಆಗೇತಿ ಎಂದಳು. ಅವಳು ಇನ್ನೊಬ್ಬರ ಅಡುಗೆಯನ್ನು ಹೊಗಳಿದ್ದು ಅದೇ ಮೊದಲಂತೆ.

ಆಮೇಲೆ ಆ ಮನೆಯಲ್ಲಿ ಸೌಟು ಗೂಟಕ್ಕೆ ಬಂತು, ಮೂವರು ಸೊಸೆಯರೂ ಸರದಿಯಂತೆ ಹಿಡಿದರು. ಮರುವರ್ಷ ಬಾಳವ್ವನೇ ಬುಟ್ಟಿ ಹೊತ್ತು ಸಂತೆಸಂತೆ ತಿರುಗಿದಳು. ಕಾಶವ್ವನ ಹಿತ್ತಲಿಗೂ ಕುಳ್ಳಿ ಸಸಿಗಳು ಹೋದವು, ಅಲ್ಲಿಯ ಅತ್ತೆಗೆ ಹಾಸಿಗೆಯ ಮಾತು ನೆನಪಿದೆಯೇ ಎಂದು ಕೇಳಿಸಿಯೇ ಹೋದವು. ದುಂಡವ್ವ ಎಲ್ಲಿ ಸತ್ತಳು, ಯಾರಿಗೂ ಗೊತ್ತಿಲ್ಲ. ತಿರುಗಾಟದ ರುಚಿ ಹತ್ತಿದವಳು, ನಿಲ್ಲಲಿಲ್ಲ. ಗೋವೆಯ ಬಂದರಿನಲ್ಲಿ ಕಂಡೆವು ಎಂದವರಿದ್ದಾರೆ, ಹೈದರಾಬಾದಿನ ಬಳೆ ಅಂಗಡಿಗಳ ಮುಂದೆ ಕಂಡೆವು ಎಂದವರಿದ್ದಾರೆ. ತಲೆಯ ಮೇಲೆ ಬುಟ್ಟಿ ಇತ್ತು ಎಂಬುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ.

ಇವತ್ತಿಗೂ ಆ ಕಡೆಯ ಮನೆಗಳಲ್ಲಿ ದಕ್ಷಿಣದ ಗೋಡೆಗೆ ಒಂದು ಸಸಿಮನೆ ಇರುತ್ತದೆ. ಈಗ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ, ಆದರೆ ಎಲ್ಲಾದರೂ ಒಂದು ಕಡೆ ಬಣ್ಣದ ಗಾಜಿನ ಚೂರೊಂದನ್ನು ಸಿಕ್ಕಿಸಿರುತ್ತಾರೆ. ಮದುವೆ ಗೊತ್ತಾದ ಹುಡುಗಿ ತಲೆಯ ಮೇಲೆ ಸಸಿಬುಟ್ಟಿ ಇಟ್ಟುಕೊಂಡು ಸುತ್ತಲ ಸಂತೆಗಳಿಗೆಲ್ಲ ಹೋಗಿ ಬರುತ್ತಾಳೆ, ಎಲ್ಲಿಗೆ ಹೋದೆ, ಯಾಕೆ ತಡವಾಯಿತು ಎಂದು ಯಾರೂ ಕೇಳುವ ಹಾಗಿಲ್ಲ. ಹೊಸ ಸೊಸೆಯ ಮೊದಲ ಒಗ್ಗರಣೆಯನ್ನು ಅವಳ ತಾಯಿ ಬಂದು ಹಾಕುತ್ತಾಳೆ, ಸಾಸಿವೆಯನ್ನು ಬೇಕೆಂದೇ ಒಂದಿಷ್ಟು ಹೊತ್ತಿಸುತ್ತಾಳೆ. ಎಲ್ಲರೂ ಕೆಮ್ಮುತ್ತ ಉಣ್ಣುತ್ತಾರೆ, ಚಲೋ ಆಗೇತಿ ಎನ್ನುತ್ತಾರೆ.

ಸಸಿಬುಟ್ಟಿಗಳನ್ನು ಬಾಗಿಲ ಎರಡೂ ಬದಿಗೆ, ಕಾಲಿಗೆ ತೊಡರುವ ಹಾಗೇ ಇಡುತ್ತಾರೆ. ಬಂದವರು, ಹೋಗುವವರು ಅವುಗಳ ತಲೆಯ ಮೇಲೆ ಸೆರಗು ಆಡಿಸಿಯೇ ದಾಟಬೇಕು. ಗಂಡಸರಾದರೆ ರುಮಾಲು ಬಿಚ್ಚಿ ಆಡಿಸಬೇಕು, ಗಾಳಿಹಾಳದ ಗಂಡಸರು ಅದೊಂದಕ್ಕೆ ಬಿಚ್ಚುತ್ತಾರೆ. ನೀವೂ ಈಗ ಏಳಿ, ಬಿಸಿಲು ಇಳಿಯಿತು, ಇಷ್ಟು ಹೊತ್ತು ಕೂತರೆ ಕಾಲು ಮೆತ್ತಗಾಗುತ್ತದೆ. ನನ್ನ ಬಾಗಿಲಲ್ಲೂ ಎರಡು ಬುಟ್ಟಿ ಇವೆ. ಒಳಗೆ ಬರುವಾಗ ಸೀರೆ ಎತ್ತಿಕೊಂಡು ಹುಷಾರಾಗಿ ದಾಟಿದಿರಿ, ನೋಡಿದೆ. ಹೋಗುವಾಗ ಹಾಗೆ ಮಾಡಬೇಡಿ.